ಹತ್ತೆಕರೆ ಶುಂಠಿಯ ಮೋಹನ್‌ಕುಮಾರ್

ಶನಿವಾರ ಸಂಜೆ ಕೆಲಸ ಮುಗಿಸಿ ಏಳುವಾಗ ಮೋಹನ್‌ಕುಮಾರ್ ಎರಡು ಖಾನೆ ಖಾಲಿ ಬಿಟ್ಟಿದ್ದ. ಒಂದು, ಜಮೀನು ಎಷ್ಟಿದೆ ಅನ್ನುವ ಖಾನೆ. ಇನ್ನೊಂದು, ಎಂಥ ಹುಡುಗಿ ಬೇಕು ಅನ್ನುವ ಖಾನೆ. ಮೊದಲನೆಯದನ್ನು ಖಾಲಿ ಬಿಟ್ಟಿದ್ದು ಜಮೀನು ಇಲ್ಲದ್ದಕ್ಕೆ. ಎರಡನೆಯದನ್ನು ಖಾಲಿ ಬಿಟ್ಟಿದ್ದು ಹುಡುಗಿ ಇದ್ದದ್ದಕ್ಕೆ.

ಇಷ್ಟೇ ಆಗಿದ್ದು. ಇಷ್ಟಕ್ಕೇ ಮಾರನೆಯ ದಿನ ಬೂವನಹಳ್ಳಿಯ ಕಟ್ಟೆಮನೆ ಅಂಗಳದಲ್ಲಿ ಅಷ್ಟು ಚಪ್ಪಲಿ ಬಿದ್ದವು, ಊರಿಗೆ ಹೊಸದಾಗಿ ಬಂದವರು ಚಪ್ಪಲಿ ಅಂಗಡಿ ಅಂದುಕೊಳ್ಳಬೇಕು, ಹಾಗೆ.

ಮೋಹನ ಕೆಲಸ ಮಾಡುತ್ತಿದ್ದದ್ದು ಹಾಸನದಲ್ಲಿ, ಪ್ಲೈವುಡ್ ಅಂಗಡಿಯ ಮೇಲಿನ 'ಕೂಡಿಬಾಳು ವಧು-ವರರ ಕೇಂದ್ರ'ದಲ್ಲಿ. ಯಜಮಾನರು ಚಂದ್ರಶೇಖರಯ್ಯ. ಕೇಂದ್ರಕ್ಕೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಮೂರು ಬ್ರಾಂಚು. ನಾಲ್ಕು ಊರಿನ ಕಂಪ್ಯೂಟರನ್ನೂ ನಾಲ್ಕು ಕಾಲದಲ್ಲಿ ನಾಲ್ಕು ಜನರ ಹತ್ತಿರ ಕೊಂಡಿದ್ದರಿಂದ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅರಕಲಗೂಡಿನವರು 'ಹೆಸರು' ಅಂತ ಕಳಿಸಿದರೆ ಅದು ಹುಡುಗನ ಹೆಸರು. ಚನ್ನರಾಯಪಟ್ಟಣದವರು 'ಹೆಸರು' ಅಂದರೆ ಅದು ಹುಡುಗನ ಅಪ್ಪನ ಹೆಸರು. ಹೀಗಾಗಿ ಒಂದು ಸಲ ಹುಡುಗಿ ನೋಡಲು ಹುಡುಗನ ಬದಲು ಅವನ ಅಪ್ಪನಿಗೇ ಕರೆ ಹೋಗಿ, ಆ ಯಜಮಾನ ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದು ಕೂತು, ಎಬ್ಬಿಸುವಷ್ಟರಲ್ಲಿ ಎರಡೂ ಕಡೆಯವರಿಗೆ ಸಾಕುಸಾಕಾಗಿತ್ತು.

ಅವತ್ತೇ ಚಂದ್ರಶೇಖರಯ್ಯ ಅಪ್ಪಣೆ ಮಾಡಿದರು. "ಲೋ ಮೋಹನ, ಗಂಡು ಹೆಣ್ಣಿನ ನಡುವೆ ಒಬ್ಬ ಮಧ್ಯಸ್ಥ ಇರಾಕಿಲ್ವಾ? ಅಂಗೇ ಈ ನಾಲ್ಕು ಕಂಪ್ಯೂಟ್ರು ನಡುವೆ ಒಬ್ಬ ಮಧ್ಯಸ್ಥನ್ನ ಕೂರುಸ್ಲಾ."

ಮೋಹನ ಕೂರಿಸಿದ. ನಾಲ್ಕು ಕಡೆಯ ಕಾಗದವನ್ನೂ ಓದಿ, ಒಬ್ಬರಿಗೆ ತಿಳಿಯುವಂತೆ ಇನ್ನೊಬ್ಬರದ್ದನ್ನು ಬರೆದುಕೊಡುವ ಒಂದು ಪ್ರೋಗ್ರಾಮು. ಅದಕ್ಕೆ ಆಫೀಸಿನಲ್ಲಿ ಎಲ್ಲರೂ 'ಮಧ್ಯಸ್ಥ' ಅಂತಲೇ ಕರೆದರು. ಬೇರೆ ಮಧ್ಯಸ್ಥರ ಹಾಗೆ ಇವನು ಕಾಫಿ ಕೇಳುತ್ತಿರಲಿಲ್ಲ, ಶಾಲು ಕೇಳುತ್ತಿರಲಿಲ್ಲ, ಬರೀ ಕರೆಂಟು ಕೇಳುತ್ತಿದ್ದ.

ಯಜಮಾನರಿಗೆ ಮೋಹನ ತಿಳಿಸಿ ಹೇಳಿದ್ದು ಹೀಗೆ: "ಸಾ, ನಮ್ಮೂರಲ್ಲಿ ಮೋಹನ್‌ಕುಮಾರ್ ಅನ್ನೋರು ಮೂರು ಜನ ಅವ್ರೆ. ಬರೀ ಮೋಹನ್‌ಕುಮಾರ್ ಅಂದ್ರೆ ಪೋಸ್ಟ್‌ಮ್ಯಾನ್ ತಲೆ ಕೆಟ್ಟೋಯ್ತದೆ. ಕಟ್ಟೆಮನೆ, ಗಾಣದಮನೆ, ಹಿತ್ಲುಮನೆ ಅಂತ ಮುಂದೆ ಸೇರ್ಸುದ್ರೆ ಸರೋಯ್ತು. ಇಲ್ಲೂ ಅಂಗೇ. ಬರೀ 'ವರ' ಅಂತ ಬರೆಯಾಕಿಲ್ಲ. 'ಅರ' ಅಂತ ಬರ್ದು, ಎರಡು ಚುಕ್ಕಿ ಇಟ್ಟು, ಆಮೇಲೆ 'ವರ'. ಹೊಳೆನರಸೀಪುರುದ್ದು 'ಹೊಳೆ', ಚನ್ನರಾಯಪಟ್ನುದ್ದು 'ಚನ್ನ'. ಪ್ರಿಫಿಕ್ಸ್ ಅಂತಾರೆ."

"ಮನೆತನದ ಹೆಸ್ರು ಅನ್ನು."

"ಅದೇ ಅನ್ಕಳಿ ಸಾ."

"ಮತ್ತೆ ತಲೆ ಮೇಲೆ ಇದೇನ್ಲಾ, ಆಶ್ಚರ್ಯದ ಗುರ್ತು ಹಾಕಿ ಡಾಕ್‌ಟೈಪು ಅಂತ ಬರ್ದಿದ್ದೀಯ? ಏನು ಆಶ್ಚರ್ಯ ಆಯ್ತು ನಿಂಗೆ?"

"ಅದು ಮದ್ವೆ ಮನೆ ಬಾಗ್ಲಲ್ಲಿ ಕುಂತಿರೋ ಹಿರೀಕ ಇದ್ದಂಗೆ ಸಾ. ಒಳಕ್ಕೆ ಏನೇನು ಬರ್ಬೋದು, ಏನು ಬರ್ಬಾರ್ದು ಅಂತ ಯೋಳ್ತದೆ. ಯಾವ್ದಾದ್ರೂ ಖಾನೆ ಖಾಲಿ ಬಂದ್ರೆ ಅಲ್ಲಿ ಏನಿದೆ ಅಂತ ಅನ್ಕೋಬೇಕು, ಅದ್ನೂ ಅದೇ ಯೋಳ್ತದೆ. ಒಂದೊಂದು ಬ್ರಾಂಚಿಗೆ ಒಂದೊಂದು ಡಾಕ್‌ಟೈಪು. ಎಲ್ಲಾ ನಮ್ಮ ಮಧ್ಯಸ್ಥನೇ ಬರ್ಕೊಡ್ತಾನೆ."

ಖಾಲಿ ಬಂದರೆ ಏನು ಅಂದುಕೊಳ್ಳಬೇಕು ಅಂತ ಮೋಹನ ಒಂದೊಂದು ಬ್ರಾಂಚಿಗೂ ಫೋನು ಮಾಡಿ ಕೇಳಿದ್ದ.

ಅರಕಲಗೂಡಿನ ಚೆನ್ನಯ್ಯ ಹೇಳಿದರು: "ಜಮೀನು ಖಾಲಿ ಬಿಟ್ಟೋನು ನಾಚ್ಕೆಗೆ ಬಿಟ್ಟಿರ್ತಾನೆ ಕಣಪ್ಪ. ಹತ್ತೆಕ್ರೆ ಶುಂಠಿ ಅಂತ ಹಾಕು. ಅದುಕ್ಕಿಂತ ಕಮ್ಮಿ ಅಂದ್ರೆ ಈ ಕಡೆ ಹುಡ್ಗನಿಗೆ ಕುರ್ಚೀನೇ ಹಾಕಾಕಿಲ್ಲ."

ಚನ್ನರಾಯಪಟ್ಟಣದ ಶಶಿಕುಮಾರ್ ಹೇಳಿದ: "ತೆಂಗಿನ ತ್ವಾಟ ಅಂತ ಹಾಕ್ಬುಡು ಗುರುವೇ. ಫಸಲು ಬಿಡ್ತಾ ಐತೆ ಅಂತಾನೂ ಸೇರ್ಸು."

ಹೊಳೆನರಸೀಪುರದ ಬ್ರಾಂಚಿನಲ್ಲಿ ಕೂರುವವಳು ಸ್ನೇಹಲತಾ. ಅವಳು ಸ್ವಲ್ಪ ಹೊತ್ತು ಯೋಚಿಸಿ ಅಂದಳು: "ಖಾಲಿ ಇದ್ರೆ ಖಾಲೀನೇ ಇರ್ಲಿ ಸಾ. ಇಲ್ದಿರೋದ್ನ ಯಾಕೆ ಬರೀಬೇಕು?"

ಅಷ್ಟೇ. ಮೋಹನನಿಗೆ ಎದೆಯೊಳಗೆ ಯಾರೋ ಬೆಲ್ಲದ ಅಚ್ಚು ಇಟ್ಟ ಹಾಗಾಯಿತು. ಅವತ್ತಿನಿಂದ ಹೊಳೆನರಸೀಪುರದ ಕಂಪ್ಯೂಟರಿಗೆ ಇಲ್ಲದ ಕಾಯಿಲೆಯೆಲ್ಲ ಬಂತು. ದಿನಾ ಮಧ್ಯಾಹ್ನ ಇವನು ಫೋನು ಮಾಡುವನು. "ಸ್ನೇಹಲತಾ ಅವ್ರೇ, 'ಹೊಳೆ' ಆದ್ಮೇಲೆ ಎರಡು ಚುಕ್ಕಿ ಒಂದರ ಮೇಲೊಂದು ಬಂದವ್ಯಾ, ಪಕ್ಕಪಕ್ಕ ಬಂದವ್ಯಾ?"

"ಒಂದರ ಮೇಲೊಂದೇ ಅವೆ ಸಾ. ನಿನ್ನೇನೂ ಅಂಗೇ ಇದ್ವು."

"ಸರಿ ಹಂಗಾರೆ. ಊಟ ಆಯ್ತಾ?"

"ಆಯ್ತು ಸಾ. ನಿಮ್ದು?"

ಇಡೀ ತಾಲ್ಲೂಕಿನಲ್ಲಿ ಆ ಎರಡು ಚುಕ್ಕಿಗೆ ಸಿಕ್ಕಷ್ಟು ಆರೈಕೆ ಕೈಗೂಸಿಗೂ ಸಿಕ್ಕಿರಲಿಲ್ಲ.

ಶನಿವಾರ ಮಧ್ಯಸ್ಥನಿಗೆ ಕೊನೆಯ ಪರೀಕ್ಷೆ. ಪರೀಕ್ಷೆಗೆ ಒಬ್ಬ ವರ ಬೇಕು. ಗಿರಾಕಿಯ ಹೆಸರು ಹಾಕಿ ಹೆಚ್ಚುಕಮ್ಮಿಯಾದರೆ ಯಾರ ಮರ್ಯಾದೆ ಹೋಗಬೇಕು ಅಂತ ಮೋಹನ ತನ್ನದೇ ಹೆಸರು, ಊರು ಹಾಕಿ, ಆ ಎರಡು ಖಾನೆ ಖಾಲಿ ಬಿಟ್ಟು ಮೂರು ಬ್ರಾಂಚಿಗೂ ಕಳಿಸಿದ. ಸರಾಗವಾಗಿ ಹೋಯಿತು. ಇನ್ನೇನು ಅಳಿಸಬೇಕು, ಫೋನು ಬಂತು.

"ಸಾ, ನಾಳೆ ಸಂಜೆ ಫೋನ್ ಮಾಡ್ತೀನಿ. ಎತ್ಕಳಿ," ಅಂದಳು ಸ್ನೇಹಲತಾ. "ಚುಕ್ಕಿ ವಿಷ್ಯ ಅಲ್ಲ."

ಇಟ್ಟೇಬಿಟ್ಟಳು. ಮೋಹನ ಎದ್ದ, ಬಾಗಿಲು ಹಾಕಿದ, ಬೀಗ ಹಾಕಿದ, ಬೈಕು ಅಲ್ಲೇ ಮರೆತು ಬಸ್ಸು ಹತ್ತಿ ಊರಿಗೆ ಹೋದ. ಅಳಿಸುವುದೂ ಮರೆತಿತ್ತು.

ಭಾನುವಾರ ಬೆಳಿಗ್ಗೆ ಮೋಹನ ಲುಂಗಿ ಮೇಲೆ ಕಟ್ಟಿ ಹಸುವಿನ ಮೈ ತೊಳೆಯುತ್ತಿದ್ದ. ಮನೆಯಲ್ಲಿ ಇದ್ದದ್ದು ಅವನು, ಅವನ ತಾಯಿ ಲಕ್ಕಮ್ಮ ಮತ್ತು ಈ ಹಸು. ಆಸ್ತಿ ಅಂತ ಹೇಳಿದರೆ ಹಸುವಿನದೇ ಮೊದಲ ಹೆಸರು. ಸಂಜೆ ಫೋನು ಬರುತ್ತದಲ್ಲ, ಆ ಗುಂಗಿನಲ್ಲಿ ತೊಳೆದ ಕಡೆಯೇ ತೊಳೆದು ಹಸುವಿನ ಒಂದು ಪಕ್ಕ ಹೊಳೆಯುತ್ತಿತ್ತು, ಇನ್ನೊಂದು ಪಕ್ಕ ಸಗಣಿ ಹಾಗೇ ಇತ್ತು.

ಆಗ ಬಂದು ನಿಂತಿತು ಒಂದು ವ್ಯಾನು. ಇಳಿದವರು ಐದಾರು ಜನ. ಮುಂದಿದ್ದ ದಪ್ಪ ಮೀಸೆಯವರು ಕೈಮುಗಿದರು. "ಅರಕಲಗೂಡು ಕಡೆ ಮಲ್ಲಿಪಟ್ಣದೋರು ನಾವು. ರವೀಂದ್ರ ಅಂತ. ಸುಮ್ನೆ ಈ ಕಡೆ ಬಂದಿದ್ವಿ. ಒಂದು ಚೆಂಬು ನೀರು ಸಿಕ್ತದಾ ಅಂತ..."

ಮಲ್ಲಿಪಟ್ಟಣದಿಂದ ಬೂವನಹಳ್ಳಿಗೆ ಯಾರೂ ನೀರು ಕುಡಿಯಲು ಬರುವುದಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವ ಕ್ರಮವೇ ಅದು. ಹೇಳಿ ಬಂದರೆ ಮನೆಗೆ ಸುಣ್ಣ ಹೊಡೆದಿರುತ್ತಾರೆ, ಪಕ್ಕದ ಮನೆ ಎಮ್ಮೆ ತಂದು ಕಟ್ಟಿರುತ್ತಾರೆ. ಅದಕ್ಕೇ ಹೇಳದೆ ಕೇಳದೆ ಬಂದು ನೀರು ಕೇಳಬೇಕು. ಕುಡಿಯುತ್ತ ಅಟ್ಟ ನೋಡಬೇಕು, ಚೆಂಬು ಕೊಡುತ್ತ ಕೊಟ್ಟಿಗೆ ನೋಡಬೇಕು. ಅದಕ್ಕೂ ಮೊದಲು ಅಕ್ಕಪಕ್ಕದವರನ್ನು ವಿಚಾರಿಸಬೇಕು.

ಅವರು ವಿಚಾರಿಸಿಯೇ ಬಂದಿದ್ದರು, ಪಕ್ಕದ ಮನೆ ಬೈರಯ್ಯನನ್ನು. ಬೈರಯ್ಯನೂ ಹೆಗಲ ಮೇಲೆ ಟವಲು ಹಾಕಿಕೊಂಡು ಹಿಂದೆಯೇ ಬಂದಿದ್ದ. ಮೋಹನನೆಂದರೆ ಬೈರಯ್ಯನಿಗೆ ಪ್ರೀತಿ. ಅವನ ಮೊಬೈಲಿನಲ್ಲಿ ಅಕ್ಷರ ದಪ್ಪ ಮಾಡಿಕೊಟ್ಟ ಹುಡುಗ ಅಲ್ಲವೇ.

"ಹುಡ್ಗ ಚಿನ್ನ," ಅಂದ ಬೈರಯ್ಯ. "ಹಸ ತೊಳ್ಯೋದ್ ನೋಡಿ, ಆಳುಗೋಳು ಇದ್ರೂ ತಾನೇ ತೊಳೀತಾನೆ."

"ಹತ್ತೆಕ್ರೆ ಶುಂಠಿ ಅಂತ ಬಂದಿತ್ತಲ್ಲ ಮೊಬೈಲ್ಗೆ..." ರವೀಂದ್ರ ಅಂಗಳದ ಸುತ್ತ ಕಣ್ಣಾಡಿಸಿದರು, ಹತ್ತೆಕರೆ ಅಲ್ಲೇ ಎಲ್ಲೋ ಮೂಲೆಯಲ್ಲಿ ಮಡಚಿಟ್ಟಿರಬಹುದು ಅನ್ನುವ ಹಾಗೆ.

ಮೋಹನನ ಕೈಯಿಂದ ಚೆಂಬು ಜಾರಿ ಹಸುವಿನ ಕಾಲ ಮೇಲೆ ಬಿತ್ತು. ಅವನಿಗೆ ಎಲ್ಲ ತಿಳಿದುಹೋಯಿತು. ಖಾಲಿ ಖಾನೆ, 'ಅರ' ಪ್ರಿಫಿಕ್ಸ್, ಚೆನ್ನಯ್ಯನ ಡಾಕ್‌ಟೈಪು. "ಸಾ, ಅದು..." ಅನ್ನುವಷ್ಟರಲ್ಲಿ ಬೈರಯ್ಯ ಬಾಯಿ ಹಾಕಿದ.

"ಶುಂಠಿ ತಾನೇ? ಬನ್ನಿ ಬನ್ನಿ, ತೋರುಸ್ತೀನಿ!" ಅಂದವನೇ ಅವರನ್ನೆಲ್ಲ ಕಟ್ಟಿಕೊಂಡು ತನ್ನದೇ ಶುಂಠಿ ಹೊಲಕ್ಕೆ ಹೊರಟುಬಿಟ್ಟ. ಹಿಂದಿನಿಂದ ಮೋಹನ ಕೈ ಬೀಸಿ, ತಲೆ ಆಡಿಸಿ, ಬೇಡ ಬೇಡ ಅಂದ. ಮಲ್ಲಿಪಟ್ಟಣದ ಹೆಂಗಸೊಬ್ಬರು ಅದನ್ನು ನೋಡಿ, "ಪಾಪ, ಹುಡ್ಗನಿಗೆ ನಾಚ್ಕೆ," ಅಂದರು.

ಲಕ್ಕಮ್ಮ ಅಡುಗೆಮನೆಯಿಂದ ಬಂದಳು. "ಲೋ ಮೋನ, ನಮ್ಗ್ಯಾವಾಗ್ಲಾ ಶುಂಠಿ ಬಂತು?"

"ನಿನ್ನೆ ಸಂಜೆ ಬಂತು ಕಣವ್ವ. ಕಂಪ್ಯೂಟ್ರಲ್ಲಿ."

"ಕಂಪ್ಯೂಟ್ರಲ್ಲಿ ಮಣ್ಣಿಲ್ದೆ ಬೆಳೀತದಾ?"

ಮೋಹನ ಉತ್ತರ ಕೊಡುವ ಮೊದಲೇ ಇನ್ನೊಂದು ವ್ಯಾನು ಬಂತು. ಇದು ಚನ್ನರಾಯಪಟ್ಟಣದ್ದು. ಇದರೊಳಗಿಂದ ಮೊದಲು ಇಳಿದದ್ದು ಒಂದು ಊರುಗೋಲು, ಆಮೇಲೆ ಒಬ್ಬಳು ಅಜ್ಜಿ. ಅಜ್ಜಿಗೆ ನೀರು ಕೇಳುವ ನಾಟಕವೆಲ್ಲ ಇರಲಿಲ್ಲ. ನೇರ ಬಂದು ಗೋಡೆಗೆ ಕೋಲಿನಿಂದ ಎರಡು ಬಡಿದಳು, ಹಸುವಿನ ಬೆನ್ನಿಗೆ ಒಂದು ತಟ್ಟಿದಳು, ಆಮೇಲೆ ಮೋಹನನ ತೋಳು ಹಿಂಡಿದಳು.

"ಬಡಕ್ಲ. ತೆಂಗಿನ ತ್ವಾಟ ಇಟ್ಕೊಂಡು ಕಾಯಿ ಮಾರ್ತೀಯೋ ತಿಂತೀಯೋ?"

"ಅಜ್ಜೀ, ತ್ವಾಟ ಅಂದ್ರೆ..."

"ಎಲ್ಲೈತೆ?"

ಆ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸ್ನೇಹಲತಾ ಅಂದುಕೊಂಡು ಮೋಹನ ಎತ್ತಿದರೆ ಚಂದ್ರಶೇಖರಯ್ಯ. "ಲೋ, ಅರಕಲಗೂಡಿಂದ ಚೆನ್ನಯ್ಯ, ಪಟ್ಣದಿಂದ ಶಶಿ, ಇಬ್ರೂ ಫೋನ್ ಮಾಡಿದ್ರು ಕಣ್ಲಾ! ಎರಡೂ ಕಡೆಯೋರು ನಿನ್ನ ನೋಡಾಕೆ ಬತ್ತಾವ್ರಂತೆ. ಕೇಂದ್ರದ ಮಾನ ನಿನ್ ಕೈಲೈತೆ. ಒಂದು ಕಡೀಗೆ ಊಂ ಅಂದ್ಬುಡು!"

"ಸಾ, ನಂಗೆ ಶುಂಠೀನೂ ಇಲ್ಲ, ತೆಂಗೂ ಇಲ್ಲ!"

"ಮದ್ವೆಗೆ ಮುಂಚೆ ಯಾರಿಗ್ಲಾ ಎಲ್ಲಾ ಇರ್ತದೆ?" ಫೋನು ಕಟ್ಟಾಯಿತು.

ಬೈರಯ್ಯ ಶುಂಠಿ ತೋರಿಸಿಕೊಂಡು ವಾಪಸು ಬಂದ. ಮಲ್ಲಿಪಟ್ಟಣದವರ ಮುಖದಲ್ಲಿ ಹಬ್ಬ. ಅಂಗಳದಲ್ಲಿ ಇನ್ನೊಂದು ಗುಂಪು ಕಂಡು ರವೀಂದ್ರರ ಮೀಸೆ ನಿಗುರಿತು.

"ತಾವು?"

"ತೆಂಗಿನ ತ್ವಾಟದ ಮೋಹನ್‌ಕುಮಾರ್ನ ನೋಡಾಕೆ ಬಂದೋರು," ಅಂದಳು ಅಜ್ಜಿ. "ನೀವು?"

"ಶುಂಠಿ ಮೋಹನ್‌ಕುಮಾರ್ನ."

ಎರಡೂ ಗುಂಪು ಮೋಹನನನ್ನು ಮೇಲಿಂದ ಕೆಳಕ್ಕೆ ಒಂದು ಸಲ ನೋಡಿದವು. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ ನಡೆಯಿತು. ಶುಂಠಿಯೂ ಇದೆ, ತೆಂಗೂ ಇದೆ, ಅದೂ ಏರ್‌ಪೋರ್ಟ್ ಬರುತ್ತದೆ ಅಂತ ವರ್ಷಗಳಿಂದ ಸುದ್ದಿಯಿರುವ ಈ ಬೂವನಹಳ್ಳಿಯಲ್ಲಿ!

ಬೈರಯ್ಯ ಇಂಥ ಅವಕಾಶ ಬಿಡುವ ಆಸಾಮಿಯೇ? "ಇನ್ನೂ ಐತೆ ಬುಡಿ, ಈ ಹುಡ್ಗ ಯೋಳ್ಕಳಾಕಿಲ್ಲ," ಅಂದ. "ನಾಳೆ ವಿಮಾನ ಬಂದ್ರೂ ಇವ್ನ ತ್ವಾಟದ ಮರಕ್ಕೆ ತಾಗ್ದಂಗೆ ಸುತ್ತಾಕ್ಕೊಂಡೇ ಇಳೀಬೇಕು."

ಅಲ್ಲಿಗೆ ಮುಗಿಯಿತು. ರವೀಂದ್ರ ಮೋಹನನ ಬಲಗೈ ಹಿಡಿದು ಜಗಲಿಗೆ ಎಳೆದರು. "ಮೊದ್ಲು ಬಂದೋರು ನಾವು!" ಅಜ್ಜಿ ಎಡಗೈ ಹಿಡಿದಳು. "ಮೊದ್ಲು ಮುಟ್ಟಿದ್ದು ನಾನು!" ಒಂದು ಕಡೆಯವರು ಬಾಳೆಹಣ್ಣಿನ ಚಿಪ್ಪು ಇಟ್ಟರೆ ಇನ್ನೊಂದು ಕಡೆಯವರು ಅದರ ಮೇಲೆ ಕಿತ್ತಳೆ ಇಟ್ಟರು. ಮಧ್ಯೆ ಮೋಹನ ಒಣಹಾಕಿದ ಅಂಗಿಯ ಹಾಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದ. ಈ ಗಲಾಟೆಯಲ್ಲಿ ಹಸು ಹಗ್ಗ ಬಿಚ್ಚಿಕೊಂಡು ಬಂದು ಎರಡೂ ಕಡೆಯವರ ಹಣ್ಣನ್ನೂ ಭೇದಭಾವವಿಲ್ಲದೆ ತಿಂದಿತು.

ಬೇಲಿಯ ಮೇಲೆ ಅರ್ಧ ಊರು ಕೂತಿತ್ತು. ಮೋಹನನಿಗೆ ಒಂದೇ ಚಿಂತೆ. ಸಂಜೆ ಅವಳು ಫೋನು ಮಾಡುತ್ತಾಳೆ. ಇವತ್ತು ಏನಾದರೂ ಇಲ್ಲಿ ಒಂದು ತಾಂಬೂಲ ಕೈ ಬದಲಾಯಿಸಿದರೆ ಆ ಫೋನಿನಲ್ಲಿ ತಾನು ಏನು ಮಾತಾಡುವುದು? ಖಾಲಿ ಇದ್ದರೆ ಖಾಲಿಯೇ ಇರಲಿ ಅಂದವಳ ಮುಂದೆ ಬೈರಯ್ಯನ ಶುಂಠಿ ಹೊತ್ತುಕೊಂಡು ನಿಲ್ಲುವುದು ಹೇಗೆ?

"ಬುಡಿ!" ಅಂತ ಕೂಗಿದ. ತನ್ನ ಗಂಟಲಿನಲ್ಲಿ ಅಷ್ಟು ದನಿ ಇದೆ ಅಂತ ಅವನಿಗೇ ಗೊತ್ತಿರಲಿಲ್ಲ. ಹಸು ಕೂಡ ಅಗಿಯುವುದು ನಿಲ್ಲಿಸಿತು. "ಶುಂಠಿ ನಂದಲ್ಲ. ತೆಂಗು ಯಾರ್ದೂ ಅಲ್ಲ. ಪರೀಕ್ಷೆಗೆ ಅಂತ ನನ್ನ ಹೆಸ್ರು ಹಾಕಿದ್ದೆ. ಜಮೀನಿನ ಖಾನೆ ಖಾಲಿ ಇತ್ತು. ಅರಕಲಗೂಡಲ್ಲಿ ಖಾಲಿ ಇದ್ರೆ ಶುಂಠಿ ಅನ್ಕೋತದೆ, ಪಟ್ಣದಲ್ಲಿ ತೆಂಗು ಅನ್ಕೋತದೆ. ಒಬ್ನೇ ವರ, ಪ್ರಿಫಿಕ್ಸ್ ಬೇರೆಬೇರೆ, ಅದ್ಕೇ ಮೆಷಿನ್ನು ಬೇರೆಬೇರೆ ಜನ ಅನ್ಕಂಡದೆ."

ಅಜ್ಜಿ ಹತ್ತಿರ ಬಂದಳು. "ಅಂಗಾರೆ ನನ್ ಮುಂದೆ ನಿಂತಿರೋ ನೀನು ಯಾವ ವರ?"

"ಬರೀ ವರ ಅಜ್ಜಿ. ಮುಂದೆ ಏನೂ ಇಲ್ಲ."

"ಹಿಂದೆ?"

"ಹಿಂದೆ ಒಂದು ಹಸ ಅದೆ."

ಅಜ್ಜಿ ಅವನ ಕೆನ್ನೆ ತಟ್ಟಿದಳು. "ಒಳ್ಳೇ ಹುಡ್ಗ ಕಣೋ ನೀನು. ನಿಂಗೆ ಹೆಣ್ಣು ಕೊಡಾಕಾಗಾಕಿಲ್ಲ, ಆದ್ರೆ ಒಳ್ಳೇ ಹುಡ್ಗ." ಊರುಗೋಲು ಮೊದಲು ವ್ಯಾನು ಹತ್ತಿತು, ಆಮೇಲೆ ಅಜ್ಜಿ.

ರವೀಂದ್ರ ಬೈರಯ್ಯನ ಕಡೆ ತಿರುಗಿದರು. "ಅಂಗಾರೆ ಆ ಶುಂಠಿ ಯಾರ್ದಯ್ಯಾ?"

"ನಂದೇ," ಅಂದ ಬೈರಯ್ಯ ತಲೆ ತಗ್ಗಿಸಿ.

"ಇನ್ನು ನಿನ್ ಮಾತು ಯಾರು ನಂಬ್ತಾರೆ? ಸುಳ್ಳುಬುರ್ಕ!" ಅವರ ವ್ಯಾನೂ ಹೋಯಿತು. ಬೇಲಿ ಮೇಲಿದ್ದ ಅರ್ಧ ಊರು ಗೊಳ್ಳೆಂದಿತು.

ಬೈರಯ್ಯ ಟವಲು ಕೊಡವಿ ಹೆಗಲಿಗೆ ಹಾಕಿದ. ಕಣ್ಣು ಕೆಂಪಾಗಿತ್ತು. "ನಿಂಗೊಂದು ಗತಿ ಕಾಣ್ಲಿ ಅಂತ ಇದ್ದ ಹತ್ತೆಕ್ರೇನೂ ಬಿಟ್ಕೊಟ್ಟೆ ಕಣ್ಲಾ ಮೋನ. ಊರೆದ್ರುಗೆ ನನ್ನ ಸುಳ್ಳುಗಾರನ್ನ ಮಾಡ್ಬುಟ್ಟೆ. ಆಯ್ತು. ಇವತ್ತಿಂದ ಈ ಬೈರಯ್ಯ ನಿಜ ಬುಟ್ಟು ಇನ್ನೊಂದು ಮಾತಾಡಾಕಿಲ್ಲ. ನೋಡ್ತಿರು!"

"ಬೈರಣ್ಣ, ಅಂಗಲ್ಲ..." ಅಂದರೂ ನಿಲ್ಲಲಿಲ್ಲ. ಹೋಗಿ ಊರ ಬಾಗಿಲಿನ ಅರಳಿಕಟ್ಟೆಯ ಮೇಲೆ ಕೂತ, ದೇವರ ಕಲ್ಲಿನ ಹಾಗೆ.

ಲಕ್ಕಮ್ಮ ಮಗನಿಗೆ ಮಜ್ಜಿಗೆ ತಂದುಕೊಟ್ಟಳು. ಪಕ್ಕದಲ್ಲಿ ಕೂತು ಅವನ ತಲೆಗೂದಲಿಗೆ ಅಂಟಿದ್ದ ಕಿತ್ತಳೆ ಸಿಪ್ಪೆ ತೆಗೆದಳು. "ಒಳ್ಳೇ ಕೆಲ್ಸ ಮಾಡ್ದೆ ಕಣ್ ಮಗ. ಇಲ್ದಿದ್ದು ಐತೆ ಅಂತ ಯೋಳಿ ಹೆಣ್ಣು ತಂದ್ರೆ, ಬಂದೋಳ ಮುಖ ನಾನೆಂಗೆ ನೋಡ್ಲಿ?"

"ಅವ್ಳೂ ಅಂಗೇ ಅಂತಾಳೆ ಕಣವ್ವ."

"ಯಾವಳು?"

ಮೋಹನ ಮಜ್ಜಿಗೆ ಲೋಟದೊಳಗೆ ಮುಖ ಅಡಗಿಸಿದ. ಲಕ್ಕಮ್ಮ ನಕ್ಕಳು, ಏನೂ ಕೇಳಲಿಲ್ಲ.

ಮೋಹನ ಲ್ಯಾಪ್‌ಟಾಪು ತೆರೆದು ಮೊದಲು ತೆಂಗಿನ ಮೋಹನ್‌ಕುಮಾರನನ್ನು ಅಳಿಸಿದ, ಆಮೇಲೆ ಶುಂಠಿಯ ಮೋಹನ್‌ಕುಮಾರನನ್ನು. ಹೊಳೆನರಸೀಪುರದ ಖಾಲಿ ಮೋಹನ್‌ಕುಮಾರ್ ಒಬ್ಬನನ್ನು ಮಾತ್ರ ಹಾಗೇ ಬಿಟ್ಟ. ಅವನನ್ನು ಅಳಿಸಲು ಮನಸ್ಸು ಬರಲಿಲ್ಲ. ಮೈ ಹಗುರಾಯಿತು. ಹಸುವಿನ ಇನ್ನೊಂದು ಪಕ್ಕವನ್ನೂ ತೊಳೆದ.

ಸಂಜೆ ಬಿಸಿಲು ಇಳಿಯುವಾಗ ಫೋನು ಬಂತು.

"ಸಾ, ನಾನು ಸ್ನೇಹಲತಾ."

"ಗೊತ್ತು. ಯೋಳಿ. ಚುಕ್ಕಿ ಸರಿ ಅವ್ಯಾ?"

"ಚುಕ್ಕಿ ಬಿಡಿ ಸಾ." ಅವಳ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು. "ನಿನ್ನೆ ನಿಮ್ದು ನಮ್ ಬ್ರಾಂಚಿಗೆ ಬಂತಲ್ಲ, ಎರಡು ಖಾನೆ ಖಾಲಿ ಇದ್ದಿದ್ದು. ಎಂಥ ಹುಡ್ಗಿ ಬೇಕು ಅನ್ನೋ ಖಾನೆ ಯಾಕೆ ಖಾಲಿ ಬಿಟ್ಟಿದ್ದೀರ ಅಂತ ನಂಗೆ ತಿಳೀತು. ನಂಗೆ ಒಪ್ಗೆ."

ಮೋಹನ ಹಸುವಿನ ಕೊಂಬು ಹಿಡಿದುಕೊಂಡ.

"ಆದ್ರೆ ಅಪ್ಪಂಗೆ ಅದ್ನ ತೋರ್ಸುದ್ರೆ ಜಮೀನು ಯಾಕೆ ಖಾಲಿ, ಖಾಲಿ ಮನೇಗೆ ಮಗ್ಳು ಕೊಡಾಕಾಗಾಕಿಲ್ಲ ಅಂದ್ರು. ಅದ್ಕೇ ನಿನ್ನೆ ತೆಗ್ದಿಟ್ಕಂಡಿದ್ದ ಅರಕಲಗೂಡು ಬ್ರಾಂಚಿಂದು ಓದಿ ಯೋಳ್ದೆ. ಮೋಹನ್‌ಕುಮಾರ್, ಬೂವನಹಳ್ಳಿ, ಹತ್ತೆಕ್ರೆ ಶುಂಠಿ ಅಂತ. ಅಪ್ಪ ಕುಂತೋರು ಎದ್ದೇಬುಟ್ರು. ಆಗ್ಲೇ ಹೊರಟವ್ರೆ ಸಾ, ಮೊಪೆಡ್ಡಲ್ಲಿ. ಈಗ ಹಾಸನ ದಾಟಿರ್ತಾರೆ. ಮೊಬೈಲೂ ಮನೇಲೇ ಬಿಟ್ಟೋಗವ್ರೆ."

"ಸ್ನೇಹಲತಾ ಅವ್ರೇ! ಖಾಲಿ ಇದ್ರೆ ಖಾಲೀನೇ ಇರ್ಲಿ ಅಂತ ನೀವೇ ಅಂದಿದ್ರಲ್ಲ!"

"ಅಂದಿದ್ದೆ. ಕಂಪ್ಯೂಟ್ರಿಗೆ ಅಂದಿದ್ದೆ ಸಾ, ಅಪ್ಪಂಗಲ್ಲ." ಆಮೇಲೆ ಅವಳೇ ಅಂದಳು: "ನಂಗೆ ನೀವು ಖಾಲಿ ಇದ್ರೂ ಸರಿ. ಅಪ್ಪಂಗೆ ಇವತ್ತೊಂದಿನ ಶುಂಠಿ ತೋರ್ಸಿ ಸಾಕು. ಆಮೇಲೆ ನಿಧಾನಕ್ಕೆ ನಾನೇ ಯೋಳ್ತೀನಿ. ಯಾರ್ದಾದ್ರೂ ಒಂದು ಹೊಲ ಸಿಗಾಕಿಲ್ವಾ?"

ಸಿಗುತ್ತಿತ್ತು. ಬೆಳಿಗ್ಗೆ ಪುಕ್ಕಟೆ ಸಿಕ್ಕಿತ್ತು. ಮೋಹನ ಲುಂಗಿ ಎತ್ತಿಕಟ್ಟಿ ಬೈರಯ್ಯನ ಮನೆಗೆ ಓಡಿದ. ಬೈರಯ್ಯ ಇರಲಿಲ್ಲ. "ಹೊಲದ ಕಡೆ ಹೋದ್ರೇನೋ," ಅಂದಳು ಅವನ ಹೆಂಡತಿ. ಹೊಲಕ್ಕೆ ಓಡಿದ. ಕಾಲು ಹಿಡಿದಾದರೂ ಒಪ್ಪಿಸಬೇಕು. ಬೈರಣ್ಣ, ಬೆಳಿಗ್ಗೆ ಬೇಡ ಅಂದ ಸುಳ್ಳು ಈಗ ಬೇಕು, ಒಂದೇ ಒಂದು ಸಲ ಹೇಳು ಅಂತ ಬೇಡಬೇಕು. ಹೊಲದಲ್ಲಿ ಶುಂಠಿ ಇತ್ತು, ಬೈರಯ್ಯ ಇರಲಿಲ್ಲ. ಹತ್ತೆಕರೆಯನ್ನೂ ಸುತ್ತಿದ. ಅಷ್ಟು ಜಮೀನು ಎಷ್ಟು ದೊಡ್ಡದು ಅಂತ ಅವನಿಗೆ ಅವತ್ತು ಗೊತ್ತಾಯಿತು.

ಏದುಸಿರು ಬಿಡುತ್ತ ಊರೊಳಗೆ ಬಂದರೆ ಒಂದು ಮೊಪೆಡ್ಡು ನಿಂತಿತ್ತು, ಬೈರಯ್ಯನ ಮನೆ ಮುಂದೆ. ಜಗಲಿಯ ಮೇಲೆ ಬಿಳಿ ಪಂಚೆಯ ಹಿರಿಯರೊಬ್ಬರು ಕಾಲು ಮಡಚಿ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗೆ ಬೈರಯ್ಯನ ಮಗ. ಬೆಳಿಗ್ಗೆ ಶುಂಠಿಗೆ ಔಷಧಿ ತರಲು ಹಾಸನಕ್ಕೆ ಹೋಗಿದ್ದವನು ಈಗಷ್ಟೇ ಬಂದು, ಮುಖ ತೊಳೆದು, ತಲೆ ಬಾಚಿ, ಒಳ್ಳೆ ಅಂಗಿ ಹಾಕಿ, ಯಾಕೆ ಕೂರಿಸಿದ್ದಾರೆ ಅಂತ ಅರ್ಧ ತಿಳಿದು ಅರ್ಧ ತಿಳಿಯದೆ ಕೂತಿದ್ದ.

"ಬಾ ಮೋನ, ಬಾ," ಅಂದ ಬೈರಯ್ಯ. ಮುಖದಲ್ಲಿ ಬೆಳಗಿನ ಸಿಟ್ಟು ಒಂದು ಚೂರೂ ಇರಲಿಲ್ಲ. "ನಿನ್ ಉಪ್ಕಾರ ನಾನು ನೆನೀಬೇಕು ಕಣ್ಲಾ. ಕಟ್ಟೆ ಮೇಲೆ ಕುಂತಿದ್ದೆ. ಇವ್ರು ಬಂದು, ಹತ್ತೆಕ್ರೆ ಶುಂಠಿ ಇರೋ ಮೋಹನ್‌ಕುಮಾರ್ ಮನೆ ಯಾವ್ದು ಅಂದ್ರು. ನಾನು ನಿಜಾನೇ ಯೋಳ್ದೆ. ನಮ್ದೇ ಅಂದೆ. ಗಾಣದಮನೆ ಮೋಹನ್‌ಕುಮಾರ್, ನನ್ ಮಗ. ಒಂದಕ್ಷರ ಸುಳ್ಳಿಲ್ಲ!"

ಮೋಹನ ಎತ್ತಿಕಟ್ಟಿದ್ದ ಲುಂಗಿ ಇಳಿಸಿ ಕೈಮುಗಿದ.

"ಇವ್ರು ಯಾರು?" ಅಂದರು ಹಿರಿಯರು.

"ಇವ್ನೂ ಮೋಹನ್‌ಕುಮಾರೇ. ಕಟ್ಟೆಮನೆ. ಕಂಪ್ಯೂಟ್ರು ಕೆಲ್ಸ. ಈ ಊರಲ್ಲಿ ಇವ್ನಷ್ಟು ನಿಜ ಯೋಳೋರು ಇನ್ನೊಬ್ರಿಲ್ಲ. ಬೇಕಾದ್ರೆ ನಮ್ ಶುಂಠಿ ವಿಷ್ಯ ಇವನ್ನೇ ಕೇಳಿ."

"ಕಂಪ್ಯೂಟ್ರಾ?" ಹಿರಿಯರು ಲೋಟ ಕೆಳಗಿಟ್ಟರು. "ನನ್ ಮಗ್ಳೂ ಅದೇ ಕೆಲ್ಸ. ಅವ್ಳ ಆಫೀಸಲ್ಲಿ ಯಾವನೋ ಒಬ್ಬ ಅವ್ನೆ, ದಿನಾ ಫೋನ್ ಮಾಡಿ ಊಟ ಆಯ್ತಾ ಅಂತಾನೆ. ಅವ್ನು ಒಂದಿನ ನನ್ ಕೈಗೆ ಸಿಗ್ಲಿ." ಆಮೇಲೆ ಮೋಹನನ ಮುಖವನ್ನೇ ನೋಡಿ ಕೇಳಿದರು. "ಅದಿರ್ಲಿ. ಶುಂಠಿ ಇವ್ರುದ್ದೇ ತಾನೇನಪ್ಪ? ನಿಜ ಯೋಳು."

ಎಲ್ಲರೂ ಅವನನ್ನೇ ನೋಡಿದರು. ಬೇಲಿಯಾಚೆ ಲಕ್ಕಮ್ಮನೂ ನೋಡುತ್ತಿದ್ದಳು.

"ಇವ್ರುದ್ದೇ," ಅಂದ ಮೋಹನ.

"ನೋಡುದ್ರಾ!" ಬೈರಯ್ಯ ತೊಡೆ ತಟ್ಟಿದ. "ಲೋ ಮೋನ, ಮನೆ ಹುಡ್ಗ ನೀನು, ನಿಂತ್ಕಂಡೇ ಇದ್ದೀಯಲ್ಲ. ಹಿತ್ಲಿಗೋಗಿ ಎರಡು ಬಾಳೆಲೆ ಕುಯ್ಕೊಂಡ್ ಬಾ. ಯಜಮಾನ್ರು ಉಂಡ್ಕೊಂಡೇ ಹೋಗ್ಲಿ."

ಹಿತ್ತಲಿನಲ್ಲಿ, ಕೈಯಲ್ಲಿ ಬಾಳೆಲೆ ಹಿಡಿದು ಮೋಹನ ನಿಂತಿದ್ದಾಗ ಮತ್ತೆ ಫೋನು ಬಂತು.

"ಸಾ, ಅಪ್ಪ ಬಂದ್ರಾ?"

"ಬಂದವ್ರೆ."

"ಶುಂಠಿ ತೋರ್ಸುದ್ರಾ?"

"ತೋರುಸ್ತಾವ್ರೆ."

"ಮೋಹನ್‌ಕುಮಾರ್ ಒಪ್ಗೆ ಆದ್ರಾ ಅಪ್ಪಂಗೆ?" ಅವಳ ದನಿ ಸಂತೋಷಕ್ಕೆ ನಡುಗುತ್ತಿತ್ತು.

"ಆದಂಗೇ ಅದೆ. ಊರು ಸರಿ ಅದೆ, ಹೆಸ್ರು ಸರಿ ಅದೆ, ಶುಂಠೀನೂ ಸರಿ ಅದೆ," ಅಂದ ಮೋಹನ. "ಪ್ರಿಫಿಕ್ಸ್ ಒಂದು ತಪ್ಪೋಗದೆ."

ಆ ಕಡೆಯಿಂದ ತುಂಬಾ ಸಣ್ಣ ದನಿಯಲ್ಲಿ ಕೇಳಿಸಿತು:

"ಊಟ ಆಯ್ತಾ ಸಾ?"

"ಇನ್ನೂ ಇಲ್ಲ," ಅಂದ ಮೋಹನ, ಕೈಲಿದ್ದ ಎಲೆ ಕೊಡವುತ್ತ. "ನಿಮ್ಮಪ್ಪಂಗೆ ಬಡಿಸ್ಬುಟ್ಟು ಮಾಡ್ತೀನಿ."